ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್‌ಗೆ 16+16 ಜಿಬಿ ರ‍್ಯಾಮ್ ಕಿಟ್: ಎರಡೂವರೆ ವರ್ಷ ಬಳಸಿದ ಮೇಲೆ

ನಾನು ಬಳಸುತ್ತಿರುವುದು 16 ಜಿಬಿಯ ಎರಡು ಸ್ಟಿಕ್‌ಗಳು ಒಂದೇ ಪೊಟ್ಟಣದಲ್ಲಿ ಬರುವ ಡಿಡಿಆರ್4 3200, ಸಿಎಲ್16 ಕಿಟ್. ಡಿಡಿಆರ್4 ಎಂಬುದು ಪೀಳಿಗೆಯ ಹೆಸರು, 3200 ಎಂಬುದು ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ದತ್ತಾಂಶ ಸಾಗುತ್ತದೆಂಬ ವೇಗ, ಸಿಎಲ್ ಎಂಬುದು ಕೇಳಿದ ದತ್ತಾಂಶ ಬರತೊಡಗುವವರೆಗಿನ ವಿಳಂಬ, ಗಡಿಯಾರದ ಮಿಡಿತಗಳ ಲೆಕ್ಕದಲ್ಲಿ. ಇದು ಈ ಯಂತ್ರಕ್ಕೆ ನಾನು ಕೊಂಡ ಮೂರನೆಯ ರ‍್ಯಾಮ್. ಮೊದಲಿನ ಎರಡು ಖರೀದಿಗಳಲ್ಲಿ ಎಡವಿದ್ದರಿಂದಲೇ ಇದರ ಮಹತ್ವ ನನಗೆ ತಿಳಿದದ್ದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

2021ರ ಕೊನೆಯಲ್ಲಿ ಶಿವಮೊಗ್ಗದ ನಮ್ಮ ಮನೆಯಲ್ಲಿ ರೈಜನ್ 5 5600ಜಿ ಪ್ರೊಸೆಸರ್ ಮತ್ತು ನಾಲ್ಕು ಸ್ಲಾಟ್‌ಗಳ ಬಿ550 ಮದರ್‌ಬೋರ್ಡ್ ಇಟ್ಟುಕೊಂಡು ಈ ಯಂತ್ರವನ್ನು ಜೋಡಿಸಿದೆ. ಆಗ ಗ್ರಾಫಿಕ್ಸ್ ಕಾರ್ಡ್‌ಗಳ ಬೆಲೆ ಕೇಳುವಂತಿರಲಿಲ್ಲ. ಪುಸ್ತಕಗಳ ಪುಟವಿನ್ಯಾಸ ಮತ್ತು ಮುಖಪುಟದ ಚಿತ್ರಗಳನ್ನು ತಿದ್ದುವುದು ನನ್ನ ಕೆಲಸವಾದ್ದರಿಂದ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಸಾಕೆನಿಸಿತು. ಹಣ ಉಳಿಸಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 8 ಜಿಬಿಯ ಒಂದೇ ಸ್ಟಿಕ್ ಕೊಂಡೆ. ಮುಂದೆ ಕೈಯಲ್ಲಿ ದುಡ್ಡು ಓಡಾಡಿದಾಗ ಇನ್ನೊಂದು ಹಾಕಿಕೊಂಡರಾಯಿತು ಎಂಬುದು ಲೆಕ್ಕಾಚಾರ.

ಆ ಲೆಕ್ಕ ಎರಡು ಕಡೆ ತಪ್ಪಿತು. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಆದ ಮೆಮೊರಿ ಇರುವುದಿಲ್ಲ. ಅದು ಮುಖ್ಯ ರ‍್ಯಾಮಿನಿಂದಲೇ ಪಾಲು ತೆಗೆದುಕೊಳ್ಳುತ್ತದೆ. ನನ್ನ ಬೋರ್ಡಿನಲ್ಲಿ ಆ ಪಾಲು 2 ಜಿಬಿ ಇತ್ತು. ವಿಂಡೋಸ್ ತೆರೆದು ನೋಡಿದರೆ 8 ಜಿಬಿಯಲ್ಲಿ ಬಳಕೆಗೆ ಸಿಗುವುದು 5.9 ಜಿಬಿ ಮಾತ್ರ ಎಂದು ಬರೆದಿತ್ತು. ಎರಡನೆಯದು ಪ್ರೊಸೆಸರಿಗೂ ಮೆಮೊರಿಗೂ ನಡುವಿನ ದತ್ತಾಂಶದ ದಾರಿಯಾದ ಚಾನೆಲ್‌ನ ವಿಷಯ. ಡಿಡಿಆರ್4 ರ‍್ಯಾಮಿನ ಒಂದು ಚಾನೆಲ್ ಒಂದು ಸಲಕ್ಕೆ 8 ಬೈಟ್‌ಗಳನ್ನು ಸಾಗಿಸುತ್ತದೆ. 3200 ವೇಗದಲ್ಲಿ ಅದು ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ. ಎರಡು ಚಾನೆಲ್‌ಗಳಲ್ಲಿ ಒಂದೊಂದು ಸ್ಟಿಕ್ ಇದ್ದರೆ 51.2. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಒಂದೇ ಕೊಳಾಯಿಯಿಂದ ನೀರು ಹಿಡಿಯುವಾಗ ಈ ವ್ಯತ್ಯಾಸ ಕಾಗದದ ಮೇಲೆ ಉಳಿಯುವುದಿಲ್ಲ. ದೊಡ್ಡ ಮುಖಪುಟವೊಂದನ್ನು ಹಿಗ್ಗಿಸಿ ಸರಿಸಿದರೆ ಚಿತ್ರ ತುಂಡು ತುಂಡಾಗಿ ಮೂಡುತ್ತಿತ್ತು.

ಕೆಲವು ತಿಂಗಳ ನಂತರ ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು 8 ಜಿಬಿ ಸ್ಟಿಕ್ ತಂದೆ. ಅಂಗಡಿಯವರು, “ಸಾರ್, ಎರಡೂ 3200ನೇ, ಕಣ್ಣುಮುಚ್ಚಿ ಹಾಕಿ” ಎಂದರು. ಹಾಕಿದ ವಾರದೊಳಗೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ಒಮ್ಮೆ ನೂರಾರು ಪುಟಗಳ ಪುಸ್ತಕವನ್ನು ಪಿಡಿಎಫ್ ಮಾಡುವಾಗ ನೀಲಿ ಪರದೆಯ ಮೇಲೆ ಮೆಮೊರಿ ಮ್ಯಾನೇಜ್‌ಮೆಂಟ್ ಎಂಬ ದೋಷ ಮೂಡಿತು. ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ಪರೀಕ್ಷಿಸಿದಾಗ ಒಂದು ವಿಚಿತ್ರ ಕಂಡಿತು: ಒಂದೊಂದೇ ಸ್ಟಿಕ್ ಹಾಕಿದರೆ ಎರಡೂ ಪಾಸು, ಜೊತೆಗೆ ಹಾಕಿದರೆ ಪರದೆ ತುಂಬ ಕೆಂಪು ಸಾಲುಗಳು. ಬಿಡಿಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ತಂತ್ರಾಂಶದಲ್ಲಿ ನೋಡಿದರೆ ಹೊರಗಿನ ಹೆಸರು ಒಂದೇ ಆದರೂ ಒಳಗಿನ ಚಿಪ್ ತಯಾರಕರು ಬೇರೆ ಬೇರೆ. ಇದು ಮೋಸವೇನಲ್ಲ, ರ‍್ಯಾಮ್ ಕಂಪನಿಗಳು ಒಂದೇ ಹೆಸರಿನಡಿ ಕಾಲಕ್ಕೆ ತಕ್ಕಂತೆ ಚಿಪ್ ಬದಲಿಸುವುದುಂಟು. ಜೊತೆಯಾಗಿ ಪರೀಕ್ಷಿಸಿದ ಜೋಡಿಗೆ ಮಾತ್ರ ಅವರು ಹೊಣೆ ಹೊರುತ್ತಾರೆ. ವೇಗವನ್ನು 2666ಕ್ಕೆ ಇಳಿಸಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹೇಗೋ ದೂಡಿದೆ.

ಬೆಲೆ ಇಳಿದಿದ್ದ 2023ರಲ್ಲಿ ಈಗಿನ ಕಿಟ್ ಬಂತು. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ ಸ್ಟಿಕ್‌ಗಳನ್ನು ಕೂರಿಸಬೇಕು. ಮೊದಲ ಎರಡು ಸ್ಲಾಟ್‌ಗಳಲ್ಲೇ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬೀಳುತ್ತವೆ. ಹೆಬ್ಬೆರಳುಗಳಿಂದ ಎರಡೂ ತುದಿ ಒತ್ತಿದಾಗ ನನ್ನ ಬೋರ್ಡಿನಲ್ಲಿ ಒಂದೇ ಕಡೆ ಕೊಂಡಿ ಇರುವುದರಿಂದ ಒಂದೇ ಸಲ ‘ಟಕ್’ ಎನ್ನುತ್ತದೆ. ಕೊಂಡಿಯಿಲ್ಲದ ತುದಿ ಪೂರ್ತಿ ಇಳಿದಿದೆಯೇ ಎಂದು ಬಗ್ಗಿ ನೋಡಿಯೇ ಖಚಿತಪಡಿಸಿಕೊಳ್ಳಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಬೋರ್ಡು ಹೊಸ ರ‍್ಯಾಮಿಗೆ ಹೊಂದಿಕೊಳ್ಳುವ ಸಮಯ ಅದು. ಗಾಬರಿಯಿಂದ ಸ್ವಿಚ್ ಆರಿಸಬಾರದು.

ಪೊಟ್ಟಣದ ಮೇಲೆ 3200 ಎಂದಿದ್ದರೂ ಈ ಕಿಟ್ ತಾನಾಗಿ ಓಡುವುದು 2133ರಲ್ಲಿ. ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ಕಿಟ್‌ನಲ್ಲೇ ಬರೆದಿಟ್ಟಿರುವ ಹೆಚ್ಚಿನ ವೇಗದ ಸೆಟ್ಟಿಂಗ್) ಆನ್ ಮಾಡಿದರೆ ವೋಲ್ಟೇಜ್ 1.2ರಿಂದ 1.35ಕ್ಕೆ ಏರಿ ಹೇಳಿದ ವೇಗ ಬರುತ್ತದೆ. ಅದನ್ನು ಆನ್ ಮಾಡಿ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ. ಬೆಳಗ್ಗೆ ಕಾಫಿ ಹಿಡಿದು ಬಂದು ನೋಡಿದಾಗ ದೋಷದ ಎದುರು ಸೊನ್ನೆ ಇತ್ತು. ಅಂದಿನಿಂದ ಇಂದಿನವರೆಗೆ ನೀಲಿ ಪರದೆ ಒಮ್ಮೆಯೂ ಬಂದಿಲ್ಲ. ಪುಟವಿನ್ಯಾಸದ ಫೈಲು, ಚಿತ್ರ ತಿದ್ದುವ ತಂತ್ರಾಂಶ ಮತ್ತು ಮೂವತ್ತು ಟ್ಯಾಬ್‌ಗಳ ಬ್ರೌಸರ್ ಒಟ್ಟಿಗೆ ತೆರೆದಿದ್ದಾಗ ಟಾಸ್ಕ್ ಮ್ಯಾನೇಜರ್ 18ರಿಂದ 20 ಜಿಬಿ ತೋರಿಸುತ್ತದೆ. ಅಂದರೆ ನನ್ನ ಕೆಲಸಕ್ಕೆ 16 ಜಿಬಿ ಕಡಿಮೆ, 64 ಜಿಬಿ ದಂಡ.

ಅತಿಯಾಸೆಯಿಂದ ಒಂದು ಪ್ರಯೋಗವನ್ನೂ ಮಾಡಿದೆ. ಹಳೆಯ ಎರಡು 8 ಜಿಬಿಗಳನ್ನು ಉಳಿದ ಸ್ಲಾಟ್‌ಗಳಿಗೆ ಹಾಕಿ 48 ಜಿಬಿ ಮಾಡಿಕೊಳ್ಳೋಣವೆಂದರೆ, 3200ರಲ್ಲಿ ಯಂತ್ರ ಏಳಲೇ ಇಲ್ಲ. ನಾಲ್ಕು ಸ್ಲಾಟ್ ತುಂಬಿದರೆ ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ ಮೇಲೆ ಹೊರೆ ಹೆಚ್ಚುತ್ತದೆ. ಈ ಪೀಳಿಗೆಯ ರೈಜನ್‌ಗಳಿಗೆ ಎಎಂಡಿ ಹೇಳುವ ಮಿತಿಯೇ ಚಿಪ್‌ಗಳ ಒಂದೇ ಗುಂಪಿರುವ ನಾಲ್ಕು ಸಿಂಗಲ್ ರ‍್ಯಾಂಕ್ ಸ್ಟಿಕ್‌ಗಳಿಗೆ 2933, ಎರಡು ಗುಂಪುಗಳಿರುವ ನಾಲ್ಕು ಡ್ಯುಯಲ್ ರ‍್ಯಾಂಕ್‌ಗಳಿಗೆ 2667. ಅರ್ಧ ಗಂಟೆಯಲ್ಲಿ ಆ ಎರಡನ್ನೂ ಕಿತ್ತು ಡ್ರಾಯರಿಗೆ ಹಾಕಿದೆ.

ಇದೇ ಕಿಟ್ ಕೊಂಡ ನನ್ನ ತಂಗಿಯ ಮಗ ಒಂದು ದಿನ ಫೋನ್ ಮಾಡಿ, “ಮಾವ, 3200 ಅಂತ ಹೇಳಿ 1600ದು ಕೊಟ್ಟಿದ್ದಾರೆ” ಎಂದು ಕೂಗಾಡಿದ. ಸಿಪಿಯು-ಝಡ್ ತೋರಿಸುವುದು ಗಡಿಯಾರದ ಮಿಡಿತವನ್ನು. ಪ್ರತಿ ಮಿಡಿತಕ್ಕೆ ಎರಡು ಸಲ ದತ್ತಾಂಶ ಸಾಗುವುದರಿಂದ 1600 ಎಂದರೆ 3200ವೇ. ಅಂಗಡಿಯವರ ಮೇಲೆ ಜಗಳಕ್ಕೆ ಹೋಗುವುದು ಅಷ್ಟರಲ್ಲಿ ತಪ್ಪಿತು. ಸಿಎಲ್ ಸಂಖ್ಯೆಯೂ ಹೀಗೆಯೇ ಗೊಂದಲ ಹುಟ್ಟಿಸುತ್ತದೆ. 3200 ಸಿಎಲ್16 ಮತ್ತು 3600 ಸಿಎಲ್18 ಎರಡರಲ್ಲೂ ಆ ವಿಳಂಬ ಲೆಕ್ಕಕ್ಕೆ 10 ನ್ಯಾನೊಸೆಕೆಂಡೇ. 3200 ಸಿಎಲ್22ರಲ್ಲಿ 13.75. ಒಳಗಿನ ಗ್ರಾಫಿಕ್ಸ್‌ನಲ್ಲೇ ಆಟ ಆಡುವವರಿಗೆ 3600ರಿಂದ ಕೊಂಚ ಲಾಭವಿದೆ, ನಾನು ಆಡುವುದಿಲ್ಲ.

ದೂರುಗಳೂ ಇವೆ. ಬಯಾಸ್ ಅಪ್‌ಡೇಟ್ ಮಾಡಿದಾಗ ಎಕ್ಸ್‌ಎಂಪಿ ಸದ್ದಿಲ್ಲದೆ ಆಫ್ ಆಗಿ ಎರಡು ವಾರ 2133ರಲ್ಲೇ ಕೆಲಸ ಮಾಡಿದ್ದೆ. ಯಾರೂ ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಪರದೆಯೇ ಬರಲಿಲ್ಲ. ಸ್ಟಿಕ್‌ಗಳನ್ನು ತೆಗೆದು ಬಂಗಾರದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಷ್‌ನಿಂದ ಕೊಡವಿ ಮತ್ತೆ ಹಾಕಿದ ಮೇಲೆ ಸರಿಹೋಯಿತು. ಮಲೆನಾಡಿನ ತೇವದ ಪಾಲು ಅದು, ಕಿಟ್‌ನ ತಪ್ಪಲ್ಲ.

ನನ್ನದರಂಥ ಹಳೆಯ ಎಎಂ4 (ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರು) ಬೋರ್ಡ್ ಇರುವವರು ನಿಶ್ಚಿಂತೆಯಿಂದ ಇಂಥ ಜೋಡಿಯನ್ನೇ ಕೊಳ್ಳಬಹುದು. ಅದರ ನಂತರದ ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ ಆಗುತ್ತದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನುಗಳಿದ್ದರೂ ಕಚ್ಚಿನ ಜಾಗ ಬೇರೆ, ಒತ್ತಿದರೂ ಕೂರದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದನ್ನು ನೋಡಿ 32 ಜಿಬಿ ಭಾರವೆನಿಸಿದರೆ 8+8ರ ಕಿಟ್ ತೆಗೆದುಕೊಳ್ಳಿ, 16ರ ಒಂಟಿ ಸ್ಟಿಕ್ ಬೇಡ. ಡ್ರಾಯರಿನಲ್ಲಿದ್ದ ನನ್ನ ಹಳೆಯ ಎರಡು ಸ್ಟಿಕ್‌ಗಳು ಈಗ ಪರಿಚಯದವರ ಎರಡು ಬೇರೆ ಬೇರೆ ಯಂತ್ರಗಳಲ್ಲಿ ಒಂದೊಂದಾಗಿ ತಕರಾರಿಲ್ಲದೆ ಓಡುತ್ತಿವೆ.