ಮೂಡಿಗೆರೆ ಮಳೆಯಲ್ಲಿ ಮೂರು ವರ್ಷ ಕಳೆದ ಹೋಲ್‌ಸ್ಟರ್

ನನ್ನ ಹೋಲ್‌ಸ್ಟರ್, ಅಂದರೆ ರಿವಾಲ್ವರ್ ಇಡುವ ಸೊಂಟದ ಚೀಲ, ಅದರ ಚರ್ಮ ಚೆನ್ನಾಗಿದೆ. ಹೊಲಿಗೆ ಒಂದೂ ಬಿಟ್ಟಿಲ್ಲ. ಆದರೆ ಆ ಟಿಚ್ ಬಟನ್ ಹಾಕಿದವರು ಒಂದು ಸಲ ಆಶ್ಲೇಷ ಮಳೆಯಲ್ಲಿ ನಮ್ಮ ಮೂಡಿಗೆರೆ ಕಡೆ ಬಂದು ಹೋಗಬೇಕು.

ನನ್ನದು ಕಾನ್ಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿಯ .32 ರಿವಾಲ್ವರ್, ಆರು ಗುಂಡಿನದು. ಬಟವಾಡೆ ದಿನ ಬ್ಯಾಂಕಿನಿಂದ ದುಡ್ಡು ತರುವಾಗ ಸೊಂಟದಲ್ಲಿ ಇರುತ್ತದೆ, ಅಷ್ಟೇ. ಆನೆ ಬಂದರೆ ಏನು ಮಾಡ್ತೀರಿ ಅಂತ ಕೇಳಬೇಡಿ. ಆನೆ ಬಂದರೆ ಓಡಬೇಕು. 2014ರಲ್ಲಿ ಬಂದ ನಿರ್ಭೀಕ್ ಅನ್ನುವ ಹಗುರ ರಿವಾಲ್ವರ್ ಬರೀ 500 ಗ್ರಾಂ. ನನ್ನದು ಅದಕ್ಕಿಂತ ಭಾರ, ಆದರೂ ಈ ಹೋಲ್‌ಸ್ಟರ್ ಬೆಲ್ಟಿನಲ್ಲಿ ಜೋತು ಬಿದ್ದಿಲ್ಲ.

ಇಂಟರ್‌ನೆಟ್ಟಿನಲ್ಲಿ ಕಾಣುವ ಮೇಲೆ ತೆರೆದ ಪ್ಲಾಸ್ಟಿಕ್ ಹೋಲ್‌ಸ್ಟರುಗಳು ನಮಗೆ ಆಗುವುದಿಲ್ಲ. 2016ರ ಆಯುಧ ನಿಯಮದ ಪ್ರಕಾರ ಹೊರಗೆ ನಾಲ್ಕು ಜನರ ಮಧ್ಯೆ ಹೋಗುವಾಗ ರಿವಾಲ್ವರ್ ಪೂರ್ತಿ ಮುಚ್ಚಿರಬೇಕು. ಹಾಗಾಗಿ 2022ರಲ್ಲಿ ಮುಚ್ಚಳ ಇರುವುದನ್ನೇ ಹುಡುಕಿ ತರಿಸಿದೆ, 1,650 ರೂಪಾಯಿ. ಮುಚ್ಚಳ ಅಂದ ಮೇಲೆ ಇಡೀ ಹೋಲ್‌ಸ್ಟರಿನ ಮಾನ ಇರುವುದು ಆ ಒಂದು ಬಟನ್ನಿನಲ್ಲಿ, ಅಲ್ವಾ?

ಮೊದಲ ಮಳೆಗಾಲ ಬಟನ್ ತುಕ್ಕು ಹಿಡಿದು ತೆರೆಯಲೇ ಇಲ್ಲ. ಎರಡನೇ ಮಳೆಗಾಲ ಮುಚ್ಚಲೇ ಇಲ್ಲ. ಒಂದು ದಿನ ಬ್ಯಾಂಕಿನ ಮುಂದೆ ಜೀಪಿನಿಂದ ಇಳಿದೆ. ಅಲ್ಲಿನ ಸೆಕ್ಯುರಿಟಿಯವರು ಹತ್ತಿರ ಬಂದು ಮೆಲ್ಲಗೆ, "ಸಾರ್, ಬಾಗಿಲು ತೆಗ್ದಿದೆ" ಅಂದರು. ನಾನು ಗಾಬರಿಯಲ್ಲಿ ಮೊದಲು ಪ್ಯಾಂಟಿನ ಜಿಪ್ ಮುಟ್ಟಿ ನೋಡಿಕೊಂಡೆ! ಅವರು ಹೇಳಿದ್ದು ಹೋಲ್‌ಸ್ಟರಿನ ಮುಚ್ಚಳದ ಬಗ್ಗೆ. ಆಮೇಲೆ ಯೋಚಿಸಿದರೆ ನಗುವ ವಿಷಯ ಅಲ್ಲ ಅದು.

ಕಂಪನಿಗೆ ಬರೆದೆ. ಫೋಟೋ ಕೇಳಿದರು, ಕಳಿಸಿದೆ. "ತೇವದಿಂದ ದೂರವಿಡಿ" ಅಂತ ಉತ್ತರ ಬಂತು. ಜೂನಿನಿಂದ ಸೆಪ್ಟೆಂಬರ್ ತನಕ ಇಲ್ಲಿ ಉಪ್ಪಿನ ಡಬ್ಬಿಯೇ ನೀರಾಗಿರುತ್ತದೆ. ತೇವದಿಂದ ದೂರ ಅಂದರೆ ಅರಸೀಕೆರೆಗೆ ಹೋಗಿ ಇಟ್ಟು ಬರಬೇಕಷ್ಟೆ.

ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರು ಹಳೇ ಬಟನ್ ಕಿತ್ತು ಹಿತ್ತಾಳೆಯದು ಕೂರಿಸಿಕೊಟ್ಟರು. ನಲವತ್ತು ರೂಪಾಯಿ. ಇವತ್ತಿಗೂ ಟಿಕ್ ಅಂತ ಕೂರುತ್ತದೆ. ಆ ಸದ್ದು ಕೇಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ಉಳಿದ ತಪ್ಪು ನನ್ನದೇ. ಮೊದಲ ವರ್ಷ ರಿವಾಲ್ವರನ್ನು ಹೋಲ್‌ಸ್ಟರಿನಲ್ಲೇ ಬಿಟ್ಟಿದ್ದೆ. ಚರ್ಮ ನೀರು ಹೀರುತ್ತದೆ, ಹದ ಮಾಡುವಾಗಿನ ಉಪ್ಪು, ಆಮ್ಲ ಬೇರೆ ಅದರಲ್ಲಿ ಉಳಿದಿರುತ್ತದೆ. ನಳಿಗೆ ಮೇಲೆ ತುಕ್ಕಿನ ಚುಕ್ಕೆ ಬಂತು. ಪಕ್ಕದ ಚರ್ಮದ ಕುಣಿಕೆಗಳಲ್ಲಿ ಸಿಕ್ಕಿಸಿದ್ದ ತೋಟಾಗಳಿಗೆ ಹಸಿರು ಕಿಲುಬು. ಎರಡನೇ ವರ್ಷ ಬೂಷ್ಟು ಹೋಗಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಿದೆ, ಬೂಷ್ಟು ಇನ್ನೂ ಜಾಸ್ತಿ ಆಯಿತು. "ಅಡುಗೆ ಎಣ್ಣೇನ ಆ ಚೀಲಕ್ಕೆ ಸುರೀತೀರಲ್ರೀ" ಅಂತ ಮನೆಯವಳ ಹತ್ತಿರ ಬೈಸಿಕೊಂಡಿದ್ದೂ ಆಯಿತು.

ಈಗ ಸಂಜೆಯ ಕ್ರಮ ಹೀಗೆ. ಬಾಗಿಲು ಹಾಕಿಕೊಂಡು, ನಳಿಗೆಯನ್ನು ಗೋಡೆ ಕಡೆ ಇಟ್ಟು, ಆರೂ ಗುಂಡು ಹೊರತೆಗೆದು ಮೇಜಿನ ಮೇಲೆ ಎಣಿಸುತ್ತೇನೆ. ಆರೂ ಕೋಣೆ ಖಾಲಿಯೇ ಅಂತ ಇನ್ನೊಂದು ಸಲ ಬೆಳಕಿಗೆ ಹಿಡಿದು ನೋಡುತ್ತೇನೆ. ಹಳೇ ಪಂಚೆ ಚೂರಿಗೆ ಎರಡು ಹನಿ ಗನ್ ಆಯಿಲ್ ಹಾಕಿ ಮೈಯೆಲ್ಲ ಒರೆಸುತ್ತೇನೆ. ಬೆರಳಿನ ಗುರುತೂ ಉಳಿಯಬಾರದು, ಬೆವರಿನ ಉಪ್ಪಿಗೂ ತುಕ್ಕು ಬರುತ್ತದೆ. ರಿವಾಲ್ವರ್ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಹೋಲ್‌ಸ್ಟರ್ ಮಾತ್ರ ಅಡುಗೆಮನೆಯ ಗೂಟಕ್ಕೆ, ಒಲೆಯಿಂದ ಸ್ವಲ್ಪ ದೂರ. ತೀರಾ ಹತ್ತಿರ ಇಟ್ಟರೆ ಚರ್ಮ ಸೆಟೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ತೋಟದ್ದೇ ಹೆಜ್ಜೇನಿನ ಮೇಣ ಬೆಚ್ಚಗೆ ಮಾಡಿ ತಿಕ್ಕುತ್ತೇನೆ. ಮೂರನೇ ಮಳೆಗಾಲ ಬೂಷ್ಟಿನ ಸುಳಿವಿಲ್ಲ. ಆ ವಾಸನೆಗೇ ಇನ್ನೊಂದು ಸಲ ತಿಕ್ಕೋಣ ಅನ್ನಿಸುತ್ತದೆ.

ಇನ್ನೊಂದು ಹೇಳಬೇಕು. 2024ರ ಲೋಕಸಭಾ ಚುನಾವಣೆಗೆ ಮಾರ್ಚಿನಲ್ಲಿ ನೀತಿಸಂಹಿತೆ ಬಂತು. ರಿವಾಲ್ವರ್ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿದರೂ ಫಲಿತಾಂಶ ಬರುವ ಹೊತ್ತಿಗೆ ಜೂನ್. ಅಷ್ಟು ದಿನ ಖಾಲಿ ಹೋಲ್‌ಸ್ಟರ್ ಗೂಟದಲ್ಲಿ ನೇತಾಡುತ್ತಿತ್ತು. ಒಂದು ಬೆಳಗ್ಗೆ ಸುಮ್ನೆ ಗಿಡದ ರೆಂಬೆ ಸವರುವ ಕಸಿ ಕತ್ತರಿ ಹಾಕಿ ನೋಡಿದೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು! ಇಪ್ಪತ್ತು ವರ್ಷ ಜೇಬು ಹರಿಸಿಕೊಂಡು ತಿರುಗಿದ್ದೆ ನಾನು.

ರಿವಾಲ್ವರ್ ವಾಪಸ್ ಬಂದ ಮೇಲೆ ಕತ್ತರಿಗೆ ಮತ್ತೆ ಜಾಗ ಇಲ್ಲ. ಅದಕ್ಕೆ ಅಂತಲೇ ಇನ್ನೊಂದು ಹೋಲ್‌ಸ್ಟರ್ ತರಿಸುತ್ತಿದ್ದೇನೆ, ಅದೇ ಕಂಪನಿಯದು. ಬಂದ ದಿನವೇ ಬಸ್ ಸ್ಟ್ಯಾಂಡಿಗೆ ಹೋಗಿ ಬಟನ್ ಕೀಳಿಸುತ್ತೇನೆ.