ಬಿಯರ್ ಶೆಡ್ಡಿನ ಹಬೆಗೆ 150 ಮಿ.ಮೀ. ಡಕ್ಟ್ ಫ್ಯಾನ್

ಇಂಗ್ಲೆಂಡಿನಲ್ಲಿ ಸ್ವಂತ ಬಳಕೆಗೆ ಬಿಯರ್ ತಯಾರಿಸಲು ಪರವಾನಗಿ ಬೇಕಿಲ್ಲ. ಆದರೆ ಚಳಿಗಾಲದಲ್ಲಿ ಹಿತ್ತಿಲಿನ ಮರದ ಶೆಡ್ಡಿನೊಳಗೆ 25 ಲೀಟರ್ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಸಿಹಿರಸವನ್ನು ಒಂದು ಗಂಟೆ ಕುದಿಸಿದರೆ, ಮೂರು ಲೀಟರಿನಷ್ಟು ನೀರು ಆವಿಯಾಗಿ, ತಣ್ಣನೆಯ ಚಾವಣಿಗೆ ತಾಗಿ, ಹನಿಹನಿಯಾಗಿ ಮತ್ತೆ ಪಾತ್ರೆಗೇ ತೊಟ್ಟಿಕ್ಕುತ್ತದೆ. ಮುಚ್ಚಳ ಹಾಕೋಣವೆಂದರೆ, ಬೇಯಿಸಿದ ಎಲೆಕೋಸಿನಂಥ ವಾಸನೆಯ ಡೈಮೀಥೈಲ್ ಸಲ್ಫೈಡ್ ಹೊರಹೋಗದೆ ಬಿಯರಿನಲ್ಲೇ ಉಳಿಯುತ್ತದೆ. ಹಬೆಯನ್ನು ಕೊಳವೆಯ ಮೂಲಕ ಹೊರಗೆ ತಳ್ಳಲೆಂದು ನಾನು ಕೊಂಡ ಈ ಡಕ್ಟ್ ಫ್ಯಾನ್, ಪಾತ್ರೆಗಿಂತ ಅಗಲವಾದ ಹುಡ್ (ಹಬೆ ಹಿಡಿಯುವ ಕವಚ) ಕೂರಿಸಿದ ಮೇಲೆ, ಹಬೆಯನ್ನು ಚೆನ್ನಾಗಿಯೇ ಎಳೆಯುತ್ತಿದೆ. ಸದ್ದು ಮಾತ್ರ ಹಿಟ್ಟಿನ ಗಿರಣಿಯದ್ದು. ಹೊರಗಿನ ಗಾಳಿ ಒಳಬರಲು ಬಾಗಿಲ ಬುಡದಲ್ಲಿ ಕಿಂಡಿ ಇರಬೇಕು, ಕೊಳವೆ ಹೊರಮುಖವಾಗಿ ಇಳಿಜಾರಾಗಿರಬೇಕು ಎಂಬುದನ್ನು ಕೈಪಿಡಿ ಎಲ್ಲಿಯೂ ಹೇಳುವುದಿಲ್ಲ. ಸಮತಟ್ಟಾಗಿ ಜೋಡಿಸಿದ್ದ ನನ್ನ ಕೊಳವೆಯಲ್ಲಿ ನಿಂತ ನೀರು ಮೊದಲ ದಿನವೇ ಮೋಟಾರಿನತ್ತ ಹರಿದು ಬಂದಿತು. ಮೋಟಾರು ಐಪಿಎಕ್ಸ್4 ದರ್ಜೆಯದು, ಅಂದರೆ ನೀರು ಸಿಡಿದರೂ ತಡೆಯುವಂಥದ್ದು, ಆದ್ದರಿಂದಲೋ ಏನೋ, ಸುಟ್ಟುಹೋಗಲಿಲ್ಲ.