ಏಳು ಪಂಕ್ಚರ್, ಒಂದೂ ಮೊಳೆ ಇಲ್ಲ: ಚನ್ನಪಟ್ಟಣದ ಕಡೆ ಕಾರಿನಲ್ಲಿ ಹೋಗುವವರು ಒಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. ಹೋಗಿದ್ದು 2,100 ರೂಪಾಯಿ, ಜೊತೆಗೆ ಒಂದು ಟೈರ್. ಇಷ್ಟಕ್ಕೆ ಇಷ್ಟುದ್ದ ಬರೀಬೇಕಾ ಎಂದು ಹೆಂಡತಿ ಕೇಳಿದಳು. ಬರೀಬೇಕು. ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. ದುಡ್ಡಿಗಲ್ಲ. ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ, ನೋಡುತ್ತಿರುವಾಗಲೇ ಮಾಡಿದರಲ್ಲ, ಅದಕ್ಕೆ.

2025ರ ಸೆಪ್ಟೆಂಬರ್ 20, ಶನಿವಾರ. ಮಾರನೇ ದಿನ ಮಹಾಲಯ ಅಮಾವಾಸ್ಯೆ, ಸೋಮವಾರದಿಂದ ನವರಾತ್ರಿ. ನಾನು ಅಕೌಂಟ್ಸ್ ಕೆಲಸದವನು. 20ನೇ ತಾರೀಖು ಅಂದರೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, ಹಾಕೋದಕ್ಕೆ ಕೊನೇ ದಿನ. ಬೆಳಿಗ್ಗೆ ಆರಕ್ಕೇ ಕೂತು ಹನ್ನೊಂದೂವರೆಗೆ ಎಲ್ಲಾ ರಿಟರ್ನ್ಸ್ ಮುಗಿಸಿದೆ. ಆಮೇಲೆ ಗಿರಣಿಗೆ ರಾಗಿ, ಅಮಾವಾಸ್ಯೆಗೆ ಎಳ್ಳು, ಬಾಳೆಎಲೆ. ಊಟ ಮಾಡಿ ಮಗಳನ್ನು ಕರೆದುಕೊಂಡು ಚನ್ನಪಟ್ಟಣಕ್ಕೆ ಹೊರಟೆ.

ಯಾಕೆ ಅಂದರೆ ಗೊಂಬೆ. ನಮ್ಮ ಮನೆಯಲ್ಲಿ ಗೊಂಬೆ ಕೂರಿಸೋದು ಹೆಂಡತಿ, ಗೊಂಬೆ ಮೆಟ್ಟಿಲ ಕೆಳಗೆ ಮಾಡೋ ಪುಟ್ಟ ಪಾರ್ಕು ನನ್ನದು. ವರ್ಷಕ್ಕೊಂದು ಹುಚ್ಚು. ಈ ಸಲ ಹಳ್ಳಿ ಜಾತ್ರೆ. ಟ್ರೇಗಳಲ್ಲಿ ಹಿಂದಿನ ಸೋಮವಾರವೇ ರಾಗಿ ಚೆಲ್ಲಿದ್ದೆ, ಹಸಿರು ಮೇಲೆ ಬಂದಿತ್ತು. ಜಾತ್ರೆಗೆ ವಾಲಗದವರು, ಒಂದು ತಿರುಗೋ ತೊಟ್ಟಿಲು, ಎರಡು ಎತ್ತಿನ ಗಾಡಿ ಬೇಕಿತ್ತು. ಆಲೆ ಮರದಲ್ಲಿ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತುತ್ತಾರಲ್ಲ, ಆ ಹೊಳಪು ಪ್ಲಾಸ್ಟಿಕ್ಕಿಗೆ ಬರಲ್ಲ.

ಎಕ್ಸ್‌ಪ್ರೆಸ್‌ವೇ ಚನ್ನಪಟ್ಟಣದ ಒಳಗೆ ಹೋಗಲ್ಲ, ಊರ ಹೊರಗೇ ಹೋಗುತ್ತದೆ. ಗೊಂಬೆ ಅಂಗಡಿ ಬೇಕಂದರೆ ಹಳೇ ರಸ್ತೆಗೇ ಇಳಿಯಬೇಕು. ಇಳಿದೆ. ಸ್ವಲ್ಪ ದೂರ ಹೋದ ಮೇಲೆ ಪಕ್ಕದಲ್ಲಿ ಒಂದು ಬೈಕ್ ಬಂತು. ಇಬ್ಬರು ಹುಡುಗರು. ಹಿಂದೆ ಕೂತವನು ನನ್ನ ಹಿಂದಿನ ಚಕ್ರಕ್ಕೆ ಕೈ ತೋರಿಸಿ "ಅಂಕಲ್, ಟೈರ್! ಟೈರ್!" ಎಂದ. ಪಾಪ, ಒಳ್ಳೇ ಹುಡುಗರು ಅಂದುಕೊಂಡೆ. ಥ್ಯಾಂಕ್ಸ್ ಬೇರೆ ಹೇಳಿದೆ! ಇನ್ನೂರು ಮೀಟರ್ ಮುಂದೆ ಸರಿಯಾಗಿ ಒಂದು ಪಂಕ್ಚರ್ ಅಂಗಡಿ. ಟಾರ್ಪಾಲು, ಕಂಪ್ರೆಸರ್, ನೇತುಹಾಕಿದ ನಾಲ್ಕು ಟೈರ್. ಇಳಿದು ನೋಡಿದರೆ ಗಾಳಿ ಕಮ್ಮಿ ಇದೆ ಅನ್ನಿಸಿತು. ಇತ್ತೋ ಇಲ್ಲವೋ ಈಗ ಗೊತ್ತಿಲ್ಲ. ಯಾರಾದರೂ ಟೈರ್ ಅಂತ ಕೂಗಿದ ಮೇಲೆ ಯಾವ ಟೈರ್ ನೋಡಿದರೂ ಹಾಗೇ ಕಾಣುತ್ತದೆ.

ರೇಟು ಕೇಳಿದೆ. ನಾನು ಕೇಳದೆ ಏನೂ ಮಾಡಿಸಲ್ಲ. "ನೂರೈವತ್ತು ಸಾರ್, ಎಲ್ಲಾ ಕಡೆ ಅದೇ." ಸರಿ ಅಂದೆ.

ಹುಡುಗ ಜಾಕ್ ಹಾಕಿ ಚಕ್ರ ಬಿಚ್ಚಿದ. ಗಾಳಿ ತುಂಬಿದ. ಎಡಗೈಯಲ್ಲಿ ಸೋಪಿನ ನೀರಿನ ಬಾಟಲಿ, ಬಲಗೈಯಲ್ಲಿ ಒಂದು ಕರೀ ಬಟ್ಟೆ. ನೀರು ಚಿಮುಕಿಸೋದು, ಬಟ್ಟೆಯಿಂದ ಒತ್ತಿ ಒರೆಸೋದು. ಒರೆಸಿದ ಜಾಗದಲ್ಲಿ ಬುಸ್ ಅಂತ ಗುಳ್ಳೆ. ಮೊದಲು ಸಾಸಿವೆಯಷ್ಟು, ಆಮೇಲೆ ನೆಲ್ಲಿಕಾಯಿಯಷ್ಟು. "ನೋಡಿ ಸಾರ್, ಒಂದು." ಚಾಕ್‌ಪೀಸಿನಲ್ಲಿ ಗುಂಡು ಹಾಕಿದ. ಮತ್ತೆ ತಿರುಗಿಸಿದ. "ಎರಡು." ನನ್ನ ಮಗಳಿಗೆ ತಮಾಷೆ, ಅವಳೂ ಜೋರಾಗಿ ಎಣಿಸಿದಳು. ನಾನೂ ಎಣಿಸಿದೆ! ಅಭ್ಯಾಸಬಲ. ಮೂರು, ನಾಲ್ಕು. ನಾಲ್ಕಾದಾಗ ಅನುಮಾನ ಬಂದು "ಇಷ್ಟೊಂದಾ?" ಅಂದೆ. ಅಂಗಡಿಯವನು ಕುರ್ಚಿಯಿಂದ ಏಳದೆ ಹೇಳಿದ:

"ಗುಳ್ಳೆ ಸುಳ್ಳು ಹೇಳುತ್ತಾ ಸಾರ್?"

ಏನು ಹೇಳಲಿ? ಗುಳ್ಳೆ ಸುಳ್ಳು ಹೇಳಲ್ಲ, ನಿಜ. ತೂತು ಇದ್ದಲ್ಲೇ ಗುಳ್ಳೆ ಬರೋದು. ತೂತು ಯಾವಾಗ ಬಿತ್ತು ಅಂತ ಮಾತ್ರ ಗುಳ್ಳೆ ಹೇಳಲ್ಲ.

ಮಧ್ಯೆ ಎರಡು ಸಲ ಅವನು ನನ್ನನ್ನು ಕರೆದ. ಒಮ್ಮೆ "ಮುಂದಿನ ಟೈರೂ ಸವೆದಿದೆ ನೋಡಿ", ಇನ್ನೊಮ್ಮೆ "ನೀರು ಬೇಕಾ ಪಾಪುಗೆ". ಎರಡು ಸಲವೂ ನಾನು ತಿರುಗಿದೆ. ಎರಡು ಸಲವೂ ಗುಂಡು ಜಾಸ್ತಿಯಾಗಿತ್ತು.

ಒಟ್ಟು ಏಳು. ಏಳು ನೂರೈವತ್ತು 1,050 ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ ಹಲ್ಲು ಕಚ್ಚಿಕೊಂಡೆ. ಅವನು 2,100 ಅಂದ. "ನೂರೈವತ್ತು ಸ್ಟ್ರಿಪ್‌ಗೆ ಸಾರ್. ಒಂದೊಂದಕ್ಕೆ ಎರಡೆರಡು ಹೋಗಿದೆ." ಸ್ಟ್ರಿಪ್ ಅಂದರೆ ತೂತಿಗೆ ತುರುಕೋ ರಬ್ಬರ್ ಪಟ್ಟಿ. ಬಿಲ್ ಕೊಡಿ ಅಂದೆ. ಇಬ್ಬರೂ ನಕ್ಕರು. "ಪಂಕ್ಚರ್‌ಗೆ ಬಿಲ್ಲಾ ಸಾರ್?" ಮಗಳೂ ನಕ್ಕಳು. ಯುಪಿಐನಲ್ಲಿ ಕಳಿಸಿದೆ. ಪರದೆ ಮೇಲೆ ಬಂದ ಹೆಸರು ಬೋರ್ಡಿನ ಮೇಲಿದ್ದ ಹೆಸರಲ್ಲ. ಅದನ್ನೂ ನೋಡಿದೆ, ನೋಡಿಯೂ ಒತ್ತಿದೆ. ಸಂಜೆಯಾಗುತ್ತಿತ್ತು, ಗೊಂಬೆ ಅಂಗಡಿ ಮುಚ್ಚಿಬಿಟ್ಟರೆ ಅನ್ನೋ ಚಿಂತೆ.

ವಾಲಗದವರು ಸಿಕ್ಕರು. ತೊಟ್ಟಿಲು ಸಿಕ್ಕಿತು. ಗಾಡಿ ಒಂದೇ ಸಿಕ್ಕಿತು.

ಭಾನುವಾರ ಬೆಳಿಗ್ಗೆ ನೋಡಿದರೆ ಅದೇ ಟೈರ್ ನೆಲಕ್ಕೆ ಅಂಟಿಕೊಂಡು ಕೂತಿತ್ತು. ಸ್ಟೆಪ್ನಿ ಹಾಕಿಕೊಂಡು ನಮ್ಮ ಏರಿಯಾದ ಟೈರಿನವನ ಹತ್ತಿರ ಹೋದೆ. ಅವನು ರಿಮ್‌ನಿಂದ ಟೈರ್ ಬಿಡಿಸಿ, ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿದ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಏನ್ ಸಾರ್ ಇದು, ಶಾವಿಗೆ ಒರಳು ಮಾಡಿಟ್ಟಿದ್ದಾರೆ" ಎಂದ. ನನಗೂ ತೋರಿಸಿದ. ಏಳೂ ಒಂದೇ ಅಳತೆ, ಒಂದೇ ಥರ ನೇರ. ಎರಡು ತೂತು ಅಂಚಿನಲ್ಲಿ, ಪಕ್ಕದ ಗೋಡೆಗೆ ಅಂಟಿದಂತೆ. ಅಲ್ಲಿ ಪಂಕ್ಚರ್ ನಿಲ್ಲಲ್ಲ, ಹಾಕೋದೂ ಇಲ್ಲ. ಟೈರ್ ಮುಗೀತು ಅಂದ.

ಆಮೇಲೆ ಕೇಳಿದ: "ಮೊಳೆ ತೋರಿಸಿದ್ರಾ?"

ಇಲ್ಲ.

"ಒಂದೂ?"

ಒಂದೂ ಇಲ್ಲ.

ಆಗ ಎಲ್ಲಾ ಗೊತ್ತಾಯಿತು. ಕರೀ ಬಟ್ಟೆ. ಬಟ್ಟೆಯೊಳಗೆ ದಬ್ಬಳ. ಒರೆಸಿದ್ದಲ್ಲ, ಚುಚ್ಚಿದ್ದು. ನಾನು ಇಪ್ಪತ್ತು ವರ್ಷದಿಂದ ವೋಚರ್ ಇಲ್ಲದೆ ಒಂದು ಕಾಫಿ ಖರ್ಚನ್ನೂ ಒಪ್ಪಿಕೊಂಡವನಲ್ಲ. ಕ್ಲೈಂಟ್‌ಗಳು ನನ್ನನ್ನು ಬೈಯೋದೇ ಅದಕ್ಕೆ. ಅಂಥವನು ಮೊಳೆ ಇಲ್ಲದೆ ಏಳು ಪಂಕ್ಚರ್ ಪಾಸ್ ಮಾಡಿದ್ದೇನೆ.

ದುಡ್ಡು ಕಳಿಸಿದ ನಂಬರಿಗೆ ಫೋನ್ ಮಾಡಿದೆ.

"ಯಾವ ಗಾಡಿ ಸಾರ್?" ಹೇಳಿದೆ. "ನಿನ್ನೆ ತುಂಬಾ ಗಾಡಿ ಬಂದಿದ್ವು." ಏಳು ಪಂಕ್ಚರ್ ಅಂದೆ. "ಆ ಹುಡುಗ ಕೆಲಸ ಬಿಟ್ಟು ಹೋದ ಸಾರ್." ಒಂದೇ ರಾತ್ರಿಯಲ್ಲಿ! ಪೊಲೀಸಿಗೆ ಕೊಡ್ತೀನಿ ಅಂದೆ. ದನಿ ಒಂಚೂರೂ ಏರಲಿಲ್ಲ. "ಕೊಡಿ ಸಾರ್. ನೀವೇ ಪಕ್ಕದಲ್ಲಿ ಕೂತು ಎಣಿಸಿದ್ರಲ್ಲ, ನಾನು ಎಣಿಸಿದ್ನಾ?" ಇಟ್ಟುಬಿಟ್ಟ. ಟೈರಿನ ಫೋಟೋ ವಾಟ್ಸಾಪ್ ಮಾಡಿದೆ. ಎರಡು ನೀಲಿ ಗೆರೆ ಬಂತು, ಆಮೇಲೆ ಒಂದು ಹೆಬ್ಬೆರಳು ಬಂತು. ಹೆಬ್ಬೆರಳು! ಆ ಹೆಬ್ಬೆರಳು ನೋಡಿದಾಗಿಂದ ಹೊಟ್ಟೆ ಉರಿಯುತ್ತಿದೆ.

ಬೆಂಗಳೂರಿನ ರಿಂಗ್ ರೋಡಿನಲ್ಲಿ ಒಬ್ಬ ಎಂಜಿನಿಯರ್ ಆಫೀಸಿಗೆ ಹೋಗುತ್ತಾ ಅಯಸ್ಕಾಂತ ಹಿಡಿದು ಕೆಜಿಗಟ್ಟಲೆ ಮೊಳೆ ಆರಿಸಿದ್ದು ವರ್ಷಗಳ ಹಿಂದೆ ಪೇಪರಿನಲ್ಲಿ ಬಂದಿತ್ತು. ಅಲ್ಲಿ ಮೊಳೆ ಚೆಲ್ಲಿದವರಾದರೂ ಮೊಳೆ ಖರ್ಚು ಮಾಡುತ್ತಿದ್ದರು. ಇವರಿಗೆ ಅದೂ ಬೇಕಿಲ್ಲ.

ಹಾಗಾಗಿ, ಬೈಕಿನವರು ಟೈರ್ ಅಂತ ಕೂಗಿದರೆ ಅಲ್ಲೇ ನಿಲ್ಲಬೇಡಿ. ನಿಧಾನಕ್ಕೆ ಮುಂದೆ ಹೋಗಿ, ಪೆಟ್ರೋಲ್ ಬಂಕ್ ಸಿಕ್ಕರೆ ಅಲ್ಲಿ ಗಾಳಿ ನೋಡಿಸಿ, ಗಾಳಿಗೆ ದುಡ್ಡಿಲ್ಲ. ಪೂರ್ತಿ ಇಳಿದುಹೋಗಿದ್ದರೆ ಸ್ಟೆಪ್ನಿ ಹಾಕಿ. ಎಕ್ಸ್‌ಪ್ರೆಸ್‌ವೇ ಮೇಲೆ ಕೆಟ್ಟರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಪಂಕ್ಚರ್ ಹಾಕಿಸಲೇಬೇಕಾದರೆ ಗುಳ್ಳೆ ನೋಡಬೇಡಿ, ಕೈ ನೋಡಿ. ಮೊಳೆ ಕೇಳಿ. ಬಟ್ಟೆ ಕೆಳಗಿಡು ಅನ್ನಿ. ನಿಮ್ಮ ಮಕ್ಕಳಿಗೆ ಎಣಿಸಬೇಡ ಅನ್ನಿ.

ಹೊಸ ಟೈರ್ ಭಾನುವಾರವೇ ಹಾಕಿಸೋಣ ಅಂತಿದ್ದೆ. ನಮ್ಮ ಟೈರಿನವನೇ ತಡೆದ. "ನಾಳೆಯಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತಲ್ಲ ಸಾರ್, ಒಂದು ದಿನ ಸ್ಟೆಪ್ನಿಯಲ್ಲೇ ಓಡಿಸಿ." ಹದಿನೈದು ದಿನದಿಂದ ನಾನು ಎಲ್ಲರಿಗೂ ಹೇಳುತ್ತಿದ್ದ ಮಾತು. ತಲೆ ಅಷ್ಟು ಕೆಟ್ಟಿತ್ತು. ಸೋಮವಾರ ತಗೊಂಡೆ. ಬಿಲ್ ಕೊಟ್ಟ.

ಗೊಂಬೆ ಕೂತಿದೆ. ರಾಗಿ ಪೈರು ಚೆನ್ನಾಗಿ ಬಂದಿದೆ. ಜಾತ್ರೆಯ ಮೂಲೆಯಲ್ಲಿ ಮಗಳು ಬೆಂಕಿಪೊಟ್ಟಣದಲ್ಲಿ ಒಂದು ಪಂಕ್ಚರ್ ಅಂಗಡಿ ಮಾಡಿ, ಕಪ್ಪು ಬಳೆಯೊಂದನ್ನು ಟೈರಿನ ಹಾಗೆ ಒರಗಿಸಿ ಇಟ್ಟಿದ್ದಾಳೆ. ತೆಗಿ ಅಂದೆ, ತೆಗೆದಿಲ್ಲ. ನಿನ್ನೆ ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯವರು ಬಗ್ಗಿ ನೋಡಿ ಇದೇನಮ್ಮಾ ಎಂದು ಕೇಳಿದರು. ಅವಳು "ಒಂದು, ಎರಡು" ಅಂತ ಶುರು ಮಾಡಿದಳು. ನಾನು ಎದ್ದು ಅಡುಗೆಮನೆಗೆ ಹೋದೆ.